ಮನೆಗೆ ಬಂದ ಕುನ್ನಿಮರಿಗೆ ಒಂದಕ್ಕ-ಎರಡಕ್ಕದ ಜಾಗ ಕಲಿಸುವುದು ಹೇಗೆ

ನಮ್ಮ ಮುಧೋಳ ಮರಿ ಚೆನ್ನಿ ಮನೆಗೆ ಬಂದ ಮೊದಲ ದಿನ ಒಂಬತ್ತು ಸಲ ಉಚ್ಚೆ ಹೊಯ್ದಳು. ಪಡಸಾಲೆಯಲ್ಲಿ ನಾಲ್ಕು ಸಲ, ಅಡುಗೆಮನೆ ಹೊಸ್ತಿಲ ಹತ್ತಿರ ಎರಡು ಸಲ, ನಮ್ಮತ್ತೆಯ ಕೌದಿ ಮೇಲೆ ಎರಡು ಸಲ, ಅಂಗಳದ ಮಣ್ಣಲ್ಲಿ ಒಂದೇ ಒಂದು ಸಲ. ಆ ಕೌದಿ ಅತ್ತೆ ತಮ್ಮ ಹಳೇ ಇಳಕಲ್ ಸೀರೆಗಳನ್ನು ಸೇರಿಸಿ ಕೈಯಾರೆ ಹೊಲಿದದ್ದು. ಅವರು ಏನೂ ಅನ್ನಲಿಲ್ಲ, ಸುಮ್ನೆ ಮಡಚಿ ಬಚ್ಚಲಿಗೆ ಒಯ್ದರು. ಪಕ್ಕದ ಮನೆ ಕಾಕಾ ಮಾತ್ರ ತಮ್ಮ ಕಟ್ಟೆ ಮೇಲಿಂದಲೇ ಹೇಳಿದರು, "ಅದರ ಮೂಗು ಅದರಾಗ ತಿಕ್ಕವ್ವಾ, ಎರಡು ಬಾರಿಸು, ತಾನ ಕಲೀತೈತಿ."

ನಾನು ಹಾಗೇ ಮಾಡಿದೆ. ಒಂದೇ ಸಲ. ಆಮೇಲೆ ಮೂರು ದಿನ ಚೆನ್ನಿ ನನ್ನ ಮುಂದೆ ಉಚ್ಚೆ ಹೊಯ್ಯಲೇ ಇಲ್ಲ. ಅಂಗಳಕ್ಕೆ ಒಯ್ದರೆ ಬಾಲ ಮುದುಡಿಕೊಂಡು ನನ್ನ ಮುಖ ನೋಡುತ್ತ ನಿಲ್ಲುವಳು, ಒಳಗೆ ಬಂದ ಕೂಡಲೇ ಹೊರಸಿನ ಅಡಿಗೆ ಹೋಗಿ ಹೊಯ್ಯುವಳು. ನಾನು ಕಲಿಸಬೇಕೆಂದಿದ್ದು ಜಾಗ. ಅವಳು ಕಲಿತದ್ದು, ನನ್ನ ಕಣ್ಣೆದುರು ಹೊಯ್ದರೆ ಪೆಟ್ಟು ಬೀಳುತ್ತದೆ ಅಂತ. ಆ ಒಂದು ಪೆಟ್ಟನ್ನು ಅಳಿಸಲು ನನಗೆ ಎರಡು ವಾರ ಬೇಕಾಯಿತು. ಇವತ್ತಿಗೂ ನೆನೆಸಿಕೊಂಡರೆ ಸಂಕಟವಾಗುತ್ತದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಬಾಗಲಕೋಟೆ ಜಿಲ್ಲೆಯವರಿಗೆ ಮುಧೋಳ ನಾಯಿ ಅಂದರೆ ಬಹಳ ಅಭಿಮಾನ. 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿ ಬಂತು, ಸೈನ್ಯದವರೂ ತಗೊಂಡರು ಅಂತ ಎಲ್ಲರೂ ಹೇಳುತ್ತೇವೆ. ಅದೇ ಮರಿಯನ್ನು ಮನೆಗೆ ತಂದು, ನಾಲ್ಕು ದಿನ ಪಡಸಾಲೆ ಒದ್ದೆಯಾದ ಕೂಡಲೇ ಗೇಟಿನ ಹತ್ತಿರ ಸರಪಳಿ ಹಾಕಿ ಕಟ್ಟಿಬಿಡುತ್ತೇವೆ. ಕೆಲವರು ಊರ ಹೊರಗೆ ಬಿಟ್ಟೂ ಬರುತ್ತಾರೆ. ಮರಿಯ ತಪ್ಪು ಇದರಲ್ಲಿ ಒಂದಿಷ್ಟೂ ಇಲ್ಲ. ಯಾವ ಹೊತ್ತಿಗೆ, ಎಲ್ಲಿಗೆ ಒಯ್ಯಬೇಕು ಅನ್ನುವುದನ್ನು ನಾವು ಕಲಿತುಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ. ಮುಧೋಳವೇ ಇರಲಿ, ಲ್ಯಾಬ್ರಡಾರ್ ಇರಲಿ, ಓಣಿಯಿಂದ ಎತ್ತಿಕೊಂಡು ಬಂದ ಮರಿಯಿರಲಿ, ಕಲಿಸುವ ದಾರಿ ಒಂದೇ.

ಮರಿಗೆ ಎಷ್ಟು ಹೊತ್ತು ತಡೆಯಲು ಆಗುತ್ತದೆ?

ಎರಡು ತಿಂಗಳ ಮರಿಗೆ ಉಚ್ಚೆ ತಡೆದುಕೊಳ್ಳುವ ಶಕ್ತಿಯೇ ಇನ್ನೂ ಬಂದಿರುವುದಿಲ್ಲ. ಒಂದು ಅಂದಾಜು ಲೆಕ್ಕ ಇದೆ. ಮರಿಗೆ ಎಷ್ಟು ತಿಂಗಳಾಗಿದೆಯೋ ಅದಕ್ಕೆ ಒಂದು ಸೇರಿಸಿ, ಅಷ್ಟು ಗಂಟೆ ಅದು ತಡೆದೀತು. ಎರಡು ತಿಂಗಳಿಗೆ 3 ಗಂಟೆ, ಮೂರು ತಿಂಗಳಿಗೆ 4 ಗಂಟೆ. ಆದರೆ ಇದು ಹಗಲಲ್ಲಿ ಹೆಚ್ಚೆಂದರೆ ಇಷ್ಟು ಅನ್ನುವ ಲೆಕ್ಕ, ಅದೂ ಮರಿ ಸುಮ್ಮನೆ ಮಲಗಿದ್ದಾಗ. ಎದ್ದು ಓಡಾಡುತ್ತಿರುವ ಮರಿಗೆ ಮುಕ್ಕಾಲು ಗಂಟೆ, ಒಂದು ಗಂಟೆಗೊಮ್ಮೆ ಬೇಕಾಗುತ್ತದೆ. ಆಟದ ಹುರುಪಿನಲ್ಲಿದ್ದರೆ ಅದಕ್ಕಿಂತಲೂ ಬೇಗ. ಪೂರ್ತಿ ನಂಬಿಕೆಯಿಂದ ಮನೆ ತುಂಬ ಬಿಡುವುದಕ್ಕೆ ಆರು ತಿಂಗಳಾದರೂ ಆಗಬಹುದು, ಕೆಲವು ಮರಿಗಳಿಗೆ ಇನ್ನೂ ಜಾಸ್ತಿ. ಒಂದು ವಾರದಲ್ಲಿ ಕಲಿಯಲಿಲ್ಲ ಅಂತ ಸಿಟ್ಟು ಮಾಡಿಕೊಳ್ಳುವುದು ತೊಟ್ಟಿಲ ಕೂಸಿನ ಮೇಲೆ ಸಿಟ್ಟು ಮಾಡಿಕೊಂಡಂತೆ.

ಇನ್ನೊಂದು ಮಾತು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಿ ತರಬೇಡಿ. ಮಲಗುವ ಜಾಗದಿಂದ ದೂರ ಹೋಗಿ ಹೊಯ್ಯಬೇಕು ಅನ್ನುವ ಮೊದಲ ಪಾಠ ತಾಯಿಯ ಹತ್ತಿರವೇ ಆಗುತ್ತದೆ. ಕಣ್ಣು ಬಿಟ್ಟು ನಡೆಯಲು ಬಂದ ಮರಿಗಳು ತಾವಾಗಿಯೇ ಗೂಡು ಬಿಟ್ಟು ಆಚೆ ಹೋಗಿ ಹೊಯ್ಯುತ್ತವೆ. ನಾವು ಮುಂದೆ ಕಲಿಸುವುದೆಲ್ಲ ಈ ಗುಣದ ಮೇಲೆಯೇ ನಿಂತಿದೆ. ನಾಲ್ಕೈದು ವಾರಕ್ಕೇ ಮಾರುವವರು ಇದ್ದಾರೆ, "ಸಣ್ಣದಿದ್ದಾಗ ತಂದ್ರ ಹೊಂದಿಕೊಳ್ತೈತ್ರಿ" ಅನ್ನುತ್ತಾರೆ. ನಂಬಬೇಡಿ. ಮುಧೋಳ ಮರಿಯೇ ಬೇಕಿದ್ದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರವಿದೆ, ಅಲ್ಲಿ ಹೋಗಿ ವಿಚಾರಿಸಿ.

ಮರಿ ಬರುವ ಮೊದಲೇ ಜಾಗ ಗೊತ್ತು ಮಾಡಿ

ಮರಿ ಮನೆಗೆ ಬಂದ ಮೇಲೆ ಎಲ್ಲಿ ಕೂಡಿಸೋಣ ಅಂತ ಯೋಚಿಸಿದರೆ ತಡವಾಯಿತು. ಹಿತ್ತಲಲ್ಲೋ ಅಂಗಳದ ಮೂಲೆಯಲ್ಲೋ ಒಂದು ಜಾಗ ಆರಿಸಿ. ತುಳಸಿ ಕಟ್ಟೆಯಿಂದ ದೂರ ಇರಲಿ, ನೀರು ತುಂಬುವ ದಾರಿಯಲ್ಲಿ ಬೇಡ, ಬಾಗಿಲಿನಿಂದ ಹತ್ತು ಹದಿನೈದು ಹೆಜ್ಜೆಯೊಳಗೆ ಇದ್ದರೆ ಒಳ್ಳೆಯದು. ಜಾಸ್ತಿ ದೂರವಾದರೆ ದಾರಿಯಲ್ಲೇ ಆಗಿಬಿಡುತ್ತದೆ. ನಾವು ನವನಗರದ ಮನೆಯ ಹಿಂದೆ ಬೇವಿನ ಗಿಡದ ಬುಡ ಆರಿಸಿದೆವು. ನೆರಳೂ ಆಯಿತು, ಮಣ್ಣೂ ಮೆತ್ತಗಿತ್ತು.

ಮಣ್ಣು ಅಂದಾಗ ನೆನಪಾಯಿತು. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮರಿಗಳು ಎಂಟು ಒಂಬತ್ತು ವಾರದ ಹೊತ್ತಿಗೆ ಕಾಲಡಿಯ ನೆಲವನ್ನು ನೆನಪಿಟ್ಟುಕೊಳ್ಳುತ್ತವೆ. ಹೊಲದ ಕೊಟ್ಟಿಗೆಯಲ್ಲಿ ಬೆಳೆದ ಮರಿಗೆ ಮಣ್ಣು, ಕಡ್ಡಿ, ಹುಲ್ಲು ಕಾಲಿಗೆ ತಾಗಿದರೇ ಉಚ್ಚೆ ಬರುತ್ತದೆ. ಸಿಮೆಂಟ್ ಕೋಣೆಯಲ್ಲಿ ಬೆಳೆದ ಮರಿ ಮಣ್ಣಿನ ಮೇಲೆ ಸುಮ್ನೆ ಮೂಸುತ್ತ ನಿಂತು, ಒಳಗೆ ಬಂದು ಫರಸಿ ಕಲ್ಲಿನ ನೆಲದ ಮೇಲೆ ಹೊಯ್ಯುತ್ತದೆ. ಆದ್ದರಿಂದ ಮರಿ ತರುವಾಗ ಅದು ಎಂಥ ನೆಲದ ಮೇಲೆ ಬೆಳೆಯಿತು ಅಂತ ನೋಡಿ ಬನ್ನಿ. ಸಿಮೆಂಟ್ ಮೇಲೆ ಬೆಳೆದಿದ್ದರೆ ನೀವು ಆರಿಸಿದ ಜಾಗದಲ್ಲಿ ಮೊದಲ ಕೆಲವು ದಿನ ಒಂದು ಫರಸಿ ತುಂಡು ಇಟ್ಟು ಅದರ ಮೇಲೆ ದಿನಾ ಸ್ವಲ್ಪ ಸ್ವಲ್ಪ ಮಣ್ಣು ಹಾಕುತ್ತ ಹೋಗಿ. ಹಳ್ಳಿಯಲ್ಲಿ ಸೆಗಣಿ ಸಾರಿಸಿದ ಮಣ್ಣಿನ ನೆಲದ ಮನೆಯಾದರೆ ಮರಿಗೆ ಒಳಗೂ ಮಣ್ಣು, ಹೊರಗೂ ಮಣ್ಣು, ಪಾಪ ಅದಕ್ಕೆ ವ್ಯತ್ಯಾಸ ತಿಳಿಯುವುದು ಕಷ್ಟ. ಅಂಥ ಮನೆಯಲ್ಲಿ ಹೊರಗಿನ ಜಾಗಕ್ಕೆ ಮರಳೋ ಒಣಹುಲ್ಲೋ ಹಾಕಿ ಬೇರೆಯೇ ಮಾಡಿ.

ಓಣಿಗೆ, ಮೈದಾನಕ್ಕೆ ಈಗಲೇ ಒಯ್ಯಬೇಡಿ. ಪಾರ್ವೊ ಅನ್ನುವ ರೋಗ ನಾಯಿಗಳ ಕಕ್ಕದ ಮೂಲಕವೇ ಹರಡುತ್ತದೆ, ಅದರ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತ 16 ವಾರದವರೆಗೆ ಹೋಗಬೇಕು. ರೇಬಿಸ್ ಲಸಿಕೆ ಸುಮಾರು ಮೂರು ತಿಂಗಳಿಗೆ. ಇದೆಲ್ಲ ಮುಗಿಯುವ ತನಕ ಬೀದಿನಾಯಿಗಳು ಓಡಾಡದ ನಿಮ್ಮದೇ ಕಾಂಪೌಂಡಿನ ಜಾಗ ಸಾಕು.

ಯಾವಾಗ ಒಯ್ಯಬೇಕು

ಇದೇ ಇಡೀ ಲೇಖನದ ಹುರುಳು, ನಿಧಾನವಾಗಿ ಓದಿ.

ಮರಿ ನಿದ್ದೆಯಿಂದ ಎದ್ದ ಕೂಡಲೇ ಒಯ್ಯಬೇಕು. ಎದ್ದು ಮೈ ಮುರಿದು ಬಾಲ ಅಲ್ಲಾಡಿಸಲಿ, ಮುದ್ದು ಮಾಡೋಣ ಅಂದುಕೊಂಡರೆ ಅಷ್ಟರಲ್ಲಿ ಆಗಿಹೋಗಿರುತ್ತದೆ. ಎತ್ತಿಕೊಂಡೇ ಹೊರಡಿ. ಹಗಲಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಎದ್ದರೂ ಇದೇ ಲೆಕ್ಕ. ಊಟವಾದ ಮೇಲೆ ಐದು ನಿಮಿಷದಿಂದ ಅರ್ಧ ಗಂಟೆಯೊಳಗೆ ಕಕ್ಕ ಬರುತ್ತದೆ. ನಿಮ್ಮ ಮರಿಗೆ ಎಷ್ಟು ನಿಮಿಷಕ್ಕೆ ಅಂತ ಮೂರು ದಿನ ಗಮನಿಸಿದರೆ ಗೊತ್ತಾಗಿಬಿಡುತ್ತದೆ. ಚೆನ್ನಿಗೆ ಹೆಚ್ಚು ಕಡಿಮೆ ಹನ್ನೆರಡು ನಿಮಿಷ. ನೀರು ಕುಡಿದ ಮೇಲೆ, ಜೋರಾಗಿ ಆಡಿದ ಮೇಲೆ, ಮನೆಗೆ ಯಾರಾದರೂ ಬಂದು ಅದು ಖುಷಿಯಲ್ಲಿ ಕುಣಿದಾದ ಮೇಲೆ, ರಾತ್ರಿ ಮಲಗುವ ಮೊದಲು, ಬೆಳಿಗ್ಗೆ ನೀವು ಹಲ್ಲುಜ್ಜುವುದಕ್ಕೂ ಮೊದಲು. ಇದೆಲ್ಲದರ ಜೊತೆಗೆ ಎಚ್ಚರವಿದ್ದಾಗ ಗಂಟೆಗೊಂದು ಸಲ.

ಲೆಕ್ಕ ಹಾಕಿದರೆ ದಿನಕ್ಕೆ ಹತ್ತು ಹನ್ನೆರಡು ಸಲ ಹೊರಗೆ ಹೋಗುವುದು ಆಗುತ್ತದೆ. ಹೌದು, ಜಾಸ್ತಿಯೇ. ಅದಕ್ಕೇ ಮನೆಯಲ್ಲಿ ಯಾರಾದರೂ ಹಗಲು ಇರುವ ಹಾಗಿದ್ದರೆ ಮಾತ್ರ ಮರಿ ತನ್ನಿ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೋಗಿ ಸಂಜೆ ಬರುವ ಮನೆಯಲ್ಲಿ ಎರಡು ತಿಂಗಳ ಮರಿಗೆ ಇದನ್ನು ಕಲಿಸುವುದು ಆಗದ ಮಾತು. ರಜೆ ನೋಡಿಕೊಂಡು ತನ್ನಿ, ಮೊದಲ ಎರಡು ವಾರ ಮನೆಯವರು ಪಾಳಿ ಹಂಚಿಕೊಳ್ಳಿ.

ಇದರ ನಡುವೆ ಮರಿ ತಾನೇ ಕೊಡುವ ಸೂಚನೆಗಳೂ ಇವೆ. ಆಡುತ್ತಿದ್ದದ್ದು ತಟ್ಟನೆ ಬಿಟ್ಟು ನೆಲ ಮೂಸುತ್ತದೆ, ಒಂದೇ ಕಡೆ ಗಿರಗಿರ ಸುತ್ತುತ್ತದೆ, ಮೂಲೆಯ ಕಡೆ ಹೋಗುತ್ತದೆ, ಬಾಗಿಲ ಹತ್ತಿರ ಹೋಗಿ ಹಿಂತಿರುಗಿ ನೋಡುತ್ತದೆ, ಕುಂಯ್ ಅನ್ನುತ್ತದೆ. ನಮ್ಮ ಮನೆಯಲ್ಲಿ ಇದನ್ನು ಎಲ್ಲರಿಗಿಂತ ಮೊದಲು ಹಿಡಿದವರು ಅತ್ತೆ. ಜ್ವಾಳ ಹಸನು ಮಾಡುತ್ತ ಕೂತಲ್ಲಿಂದಲೇ, "ಏ, ಸುತ್ತ ತಿರಗಾಕತ್ತೈತಿ ನೋಡವ್ವಾ, ಲಗೂನ ಒಯ್ಯಿ" ಅನ್ನುವರು. ದೇವರ ಮನೆಗೆ ಹೊಕ್ಕೀತು ಅನ್ನುವ ಭಯಕ್ಕೆ ಅವರು ಮರಿ ಮೇಲೆ ಕಣ್ಣಿಟ್ಟದ್ದು, ಆದರೆ ಅದರಿಂದ ಆದ ಉಪಕಾರ ದೊಡ್ಡದು. ದೇವರ ಮನೆಗೆ ಒಂದು ಹಲಗೆ ಅಡ್ಡ ಇಟ್ಟರೆ ಆ ಚಿಂತೆಯೂ ಇಲ್ಲ.

ಹೊರಗೆ ಹೋದ ಮೇಲೆ

ದಿನಾ ಅದೇ ಬಾಗಿಲಿನಿಂದ, ಅದೇ ಜಾಗಕ್ಕೆ. ಕೊರಳಿಗೆ ಹಗುರ ಪಟ್ಟಿ ಮತ್ತು ಹಗ್ಗ ಇರಲಿ, ಇಲ್ಲದಿದ್ದರೆ ಅದು ಇರುವೆ, ಎಲೆ, ಅಳಿಲಿನ ಹಿಂದೆ ಹೋಗಿಬಿಡುತ್ತದೆ. ಮುಧೋಳ ಮರಿಯಂತೂ ನೋಡಿ ಬೇಟೆಯಾಡುವ ತಳಿ, ದೂರದಲ್ಲಿ ಏನು ಅಲ್ಲಾಡಿದರೂ ಬಂದ ಕೆಲಸ ಮರೆತುಬಿಡುತ್ತದೆ. ಜಾಗದಲ್ಲಿ ನಿಂತು ನೀವು ಸುಮ್ಮನಿರಿ. ಮಾತಾಡಿಸಬೇಡಿ, ಆಡಿಸಬೇಡಿ, ಫೋನ್ ನೋಡಬೇಡಿ. ಐದು ನಿಮಿಷ ಕಾಯಿರಿ.

ಒಂದು ಮಾತು ಇಟ್ಟುಕೊಳ್ಳಿ. ನಮ್ಮ ಕಡೆ ಶಾಲೆಯ ಮಕ್ಕಳು "ಒಂದಕ್ಕ ಹೋಗ್ತೀನ್ರಿ" ಅನ್ನುತ್ತಾರಲ್ಲ, ನಾನು ಅದನ್ನೇ ಇಟ್ಟುಕೊಂಡೆ. ಚೆನ್ನಿ ಹೊಯ್ಯಲು ಕೂತಾಗ ಮೆಲ್ಲಗೆ "ಒಂದಕ್ಕ, ಒಂದಕ್ಕ" ಅನ್ನುವುದು. ಮೊದಲೇ ಅನ್ನಬಾರದು, ಅದು ಮಾಡುತ್ತಿರುವಾಗಲೇ ಅನ್ನಬೇಕು. ಹದಿನೈದು ಇಪ್ಪತ್ತು ದಿನದಲ್ಲಿ ಆ ಮಾತಿಗೂ ಆ ಕೆಲಸಕ್ಕೂ ಅದರ ತಲೆಯಲ್ಲಿ ಗಂಟು ಬೀಳುತ್ತದೆ. ಆಮೇಲೆ ನೀವು ಹೇಳಿದರೆ ಸಾಕು, ಜಾಗ ಹುಡುಕಿಕೊಂಡು ಕೂರುತ್ತದೆ. ಮಳೆಯಲ್ಲಿ, ಪ್ರಯಾಣದಲ್ಲಿ ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ. ಮನೆಯವರೆಲ್ಲ ಅದೇ ಮಾತು ಹೇಳಬೇಕು, ಒಬ್ಬರು ಒಂದು ಇನ್ನೊಬ್ಬರು ಇನ್ನೊಂದು ಅನ್ನಬಾರದು.

ಮುಗಿದ ಕೂಡಲೇ, ಅಲ್ಲೇ ನಿಂತು, ಎರಡು ಸೆಕೆಂಡಿನೊಳಗೆ "ಶಾಬ್ಬಾಸ್" ಅಂದು ಒಂದು ತುಣುಕು ತಿನ್ನಲು ಕೊಡಿ. ಬೇಯಿಸಿದ ತತ್ತಿಯ ಚೂರು, ಉಪ್ಪು ಖಾರ ಇಲ್ಲದ ಕೋಳಿ ಚೂರು, ಏನೂ ಇಲ್ಲದಿದ್ದರೆ ರೊಟ್ಟಿ ಚೂರು, ಉಗುರಿನಷ್ಟು ಸಾಕು. ಇದನ್ನು ಕಿಸೆಯಲ್ಲಿ ಇಟ್ಟುಕೊಂಡೇ ಹೊರಡಬೇಕು. ಒಳಗೆ ಬಂದು ಅಡುಗೆಮನೆಯಿಂದ ತಂದು ಕೊಟ್ಟರೆ ಮರಿ ಅಂದುಕೊಳ್ಳುವುದು ಒಳಗೆ ಬಂದಿದ್ದಕ್ಕೆ ತಿನಿಸು ಸಿಕ್ಕಿತು ಅಂತ. ಆದದ್ದೇ ತಡ ಎತ್ತಿಕೊಂಡು ಒಳಗೆ ಬರಲೂಬೇಡಿ. ಎರಡು ನಿಮಿಷ ಅಲ್ಲಿ ಆಡಲು ಬಿಡಿ. ಇಲ್ಲದಿದ್ದರೆ ಹೊಯ್ದ ಕೂಡಲೇ ಹೊರಗಿನ ಆಟ ಮುಗಿಯುತ್ತದೆ ಅಂತ ತಿಳಿದು ಬೇಕಂತಲೇ ತಡ ಮಾಡುವುದು ಕಲಿಯುತ್ತವೆ.

ಐದು ನಿಮಿಷ ಕಾದರೂ ಏನೂ ಆಗಲಿಲ್ಲವೇ? ಒಳಗೆ ತನ್ನಿ, ಆದರೆ ನೆಲಕ್ಕೆ ಬಿಡಬೇಡಿ. ತೊಡೆಯ ಮೇಲೆ ಇಟ್ಟುಕೊಳ್ಳಿ, ಇಲ್ಲವೇ ಅದರ ಗೂಡಿನಲ್ಲಿ ಬಿಡಿ. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಒಯ್ಯಿರಿ. ಬಹಳ ಜನ ಸೋಲುವುದು ಇಲ್ಲೇ. "ಹೊರಗೆ ನಿಂತರೆ ಮಾಡಲ್ಲ, ಒಳಗೆ ಬಂದರೆ ಮಾಡುತ್ತೆ" ಅನ್ನುವ ದೂರು ಬರುವುದೆಲ್ಲ ಈ ಹದಿನೈದು ನಿಮಿಷದಿಂದ.

ಒಳಗೆ ಜಾಗ ಚಿಕ್ಕದಿರಲಿ

ಮರಿಗೆ ಇಡೀ ಮನೆ ಬಿಟ್ಟುಕೊಡಬೇಡಿ. ಮಲಗುವ ಜಾಗ ಹೊಲಸು ಮಾಡಿಕೊಳ್ಳಲು ಅದಕ್ಕೆ ಇಷ್ಟವಿರುವುದಿಲ್ಲ ಅಂದೆನಲ್ಲ, ಆ ಗುಣ ಕೆಲಸ ಮಾಡುವುದು ಜಾಗ ಚಿಕ್ಕದಿದ್ದರೆ ಮಾತ್ರ. ಎದ್ದು ನಿಲ್ಲಲು, ಒಂದು ಸುತ್ತು ತಿರುಗಲು, ಕಾಲು ಚಾಚಿ ಮಲಗಲು ಆಗುವಷ್ಟು. ಅದಕ್ಕಿಂತ ದೊಡ್ಡದಾದರೆ ಒಂದು ಮೂಲೆ ಮಲಗಲು, ಇನ್ನೊಂದು ಮೂಲೆ ಉಚ್ಚೆಗೆ ಅಂತ ಮಾಡಿಕೊಳ್ಳುತ್ತದೆ.

ನಾಯಿಗೂಡು ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದೇ ಬೇಕಂತಿಲ್ಲ. ನಾವು ಪಡಸಾಲೆಯ ಮೂಲೆಗೆ ಹಳೇ ಹೊರಸನ್ನು ಅಡ್ಡ ಮಲಗಿಸಿ ನಿಲ್ಲಿಸಿದೆವು, ಬದಿಗೆ ಒಂದು ಹಲಗೆ. ಕೆಳಗೆ ಹಳೇ ಧೋತರ ಮಡಚಿ ಹಾಸಿದೆವು. ಮುಧೋಳ ನಾಯಿಗೆ ಕೂದಲು ಬಹಳ ಗಿಡ್ಡ, ಮೈಯಲ್ಲಿ ಕೊಬ್ಬೂ ಇಲ್ಲ, ಚಳಿ ಬೇಗ ತಾಗುತ್ತದೆ, ಹಾಸಿಗೆ ಬೇಕೇ ಬೇಕು. ಅಲ್ಲಿ ಅದರ ಊಟವನ್ನೂ ಇಡಿ, ಹಲ್ಲಿಗೆ ಕಚ್ಚಲು ಏನಾದರೂ ಕೊಡಿ, ಅದು ಶಿಕ್ಷೆಯ ಜಾಗ ಆಗಬಾರದು. ಹಗಲಲ್ಲಿ ಒಂದೆರಡು ಗಂಟೆಗಿಂತ ಜಾಸ್ತಿ ಅಲ್ಲಿ ಕೂಡಿಹಾಕಬೇಡಿ. ತಡೆಯಲಾಗದೆ ಅಲ್ಲೇ ಮಾಡಿಕೊಂಡರೆ ಆ ಗುಣವೇ ಹೊರಟುಹೋಗುತ್ತದೆ. ಅದನ್ನು ವಾಪಸ್ ತರುವುದು ಬಹಳ ಕಷ್ಟ.

ಗೂಡಿನ ಹೊರಗೆ ಬಿಟ್ಟಾಗ ಯಾರದಾದರೂ ಒಬ್ಬರ ಕಣ್ಣು ಅದರ ಮೇಲೆಯೇ ಇರಬೇಕು. ನಾನು ಅಡುಗೆ ಮಾಡುವಾಗ ಅದರ ಹಗ್ಗವನ್ನು ನನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದೆ. ಎರಡು ವಾರ ಹಾಗೇ ರೊಟ್ಟಿ ಬಡಿದೆ.

ರಾತ್ರಿ

ಏಳು ಏಳೂವರೆಗೆ ಕೊನೆಯ ಊಟ. ಹತ್ತೂವರೆಗೆ ಕೊನೆಯ ಸಲ ಹೊರಗೆ. ಎರಡೂವರೆ ಹೊತ್ತಿಗೆ ಅಲಾರಾಂ ಇಟ್ಟು ಒಮ್ಮೆ ಏಳಿ. ಅದು ಅತ್ತು ಎಬ್ಬಿಸುವ ಮೊದಲೇ ನೀವು ಎದ್ದರೆ ಒಳ್ಳೆಯದು, ಅತ್ತರೆ ಬಾಗಿಲು ತೆರೆಯುತ್ತದೆ ಅನ್ನುವುದು ಅಭ್ಯಾಸವಾಗುವುದಿಲ್ಲ. ದೊಡ್ಡ ದೀಪ ಹಾಕಬೇಡಿ, ಮಾತು ಬೇಡ, ಆಟ ಬೇಡ. ಹೋಗಿ, ಮಾಡಿಸಿ, ಮೆಲ್ಲಗೆ ಶಾಬ್ಬಾಸ್ ಅಂದು ಮಲಗಿಸಿ. ವಾರಕ್ಕೊಮ್ಮೆ ಅಲಾರಾಂ ಕಾಲು ಗಂಟೆ ಮುಂದೆ ಸರಿಸುತ್ತ ಬಂದರೆ ನಾಲ್ಕು ತಿಂಗಳ ಹೊತ್ತಿಗೆ ಬಹಳ ಮರಿಗಳು ಬೆಳಗಿನ ಜಾವದವರೆಗೆ ಮಲಗುತ್ತವೆ. ಗೂಡು ನಿಮ್ಮ ಹಾಸಿಗೆಗೆ ಹತ್ತಿರವಿರಲಿ. ಹಿತ್ತಲಲ್ಲಿ ಒಂದೇ ಬಿಟ್ಟರೆ ತಾಯಿಯನ್ನು ಬಿಟ್ಟು ಬಂದ ಮರಿ ರಾತ್ರಿಯಿಡೀ ಅಳುತ್ತದೆ, ಅದು ಯಾತಕ್ಕೆ ಅಳುತ್ತಿದೆ ಅಂತ ನಿಮಗೂ ತಿಳಿಯುವುದಿಲ್ಲ.

ಒಳಗೆ ಆಗಿಬಿಟ್ಟರೆ

ಆಗುತ್ತದೆ. ಎಲ್ಲರ ಮನೆಯಲ್ಲೂ ಆಗುತ್ತದೆ.

ಮಾಡುತ್ತಿರುವಾಗಲೇ ಕಂಡರೆ ಒಂದು ಸಲ ಚಪ್ಪಾಳೆ ತಟ್ಟಿ, ಕಿರುಚಬೇಡಿ, ಎತ್ತಿಕೊಂಡು ಹೊರಗೆ ಓಡಿ. ಉಳಿದದ್ದು ಅಲ್ಲಿ ಆದರೆ ಶಾಬ್ಬಾಸ್ ಅಂದು ತುಣುಕು ಕೊಡಿ. ಆಗಿ ಹೋದದ್ದು ಆಮೇಲೆ ಕಂಡರೆ ಏನೂ ಮಾಡಬೇಡಿ. ಐದು ನಿಮಿಷದ ಹಿಂದೆ ಮಾಡಿದ್ದಕ್ಕೂ ನಿಮ್ಮ ಈಗಿನ ಸಿಟ್ಟಿಗೂ ನಂಟು ಹಾಕಿಕೊಳ್ಳಲು ಅದಕ್ಕೆ ಬರುವುದಿಲ್ಲ. "ತಪ್ಪು ಮಾಡಿದ್ದು ಅದಕ್ಕ ಗೊತ್ತೈತ್ರಿ, ಮುಖ ನೋಡ್ರಿ" ಅನ್ನುತ್ತಾರೆ. ಆ ಮುಖ ತಪ್ಪೊಪ್ಪಿಗೆಯದ್ದಲ್ಲ, ನಿಮ್ಮ ಸಿಟ್ಟಿನ ಮುಖ ಕಂಡು ಹುಟ್ಟಿದ ಹೆದರಿಕೆ. ಮುಧೋಳದಂಥ ನಾಜೂಕು ಮನಸ್ಸಿನ ನಾಯಿ ಒಂದು ಸಲ ಹೆದರಿದರೆ ಬಹಳ ದಿನ ಕೈಗೆ ಬರುವುದಿಲ್ಲ.

ನೆಲ ತೊಳೆಯುವುದರಲ್ಲಿ ಮಾತ್ರ ಜಾಗ್ರತೆ ಬೇಕು. ನಮಗೆ ವಾಸನೆ ಹೋಯಿತು ಅನ್ನಿಸಿದರೂ ಅದಕ್ಕೆ ಬರುತ್ತಿರುತ್ತದೆ, ವಾಸನೆ ಇದ್ದಲ್ಲಿಗೇ ಮತ್ತೆ ಹೋಗುತ್ತದೆ. ಫಿನೈಲ್ ಸುರಿಯುವುದು ನಮ್ಮೆಲ್ಲರ ಅಭ್ಯಾಸ. ಅದು ಉಚ್ಚೆಯ ವಾಸನೆ ತೆಗೆಯುವುದಿಲ್ಲ, ಮೇಲೆ ಮುಚ್ಚುತ್ತದೆ ಅಷ್ಟೇ. ಅದೇ ನೆಲದಲ್ಲಿ ಓಡಾಡಿ ಕಾಲು ನೆಕ್ಕಿದ ಮರಿಯ ಹೊಟ್ಟೆಗೆ ಹೋದರೆ ಕೆಟ್ಟದ್ದು. ಅಮೋನಿಯಾ ಇರುವ ಕ್ಲೀನರ್ ಅಂತೂ ಬೇಡವೇ ಬೇಡ, ಅದರ ವಾಸನೆ ಮರಿಗೆ ಉಚ್ಚೆಯಂತೆಯೇ. ಮೊದಲು ಹಳೇ ಬಟ್ಟೆ ಒತ್ತಿ ಪೂರ್ತಿ ಹೀರಿಸಿ, ಒರೆಸಿ ಹರಡಬೇಡಿ. ಆಮೇಲೆ ಸೋಪಿನ ನೀರು. ಆಮೇಲೆ ಟೈಲ್ಸ್ ನೆಲವಾದರೆ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಒರೆಸಿ, ಒಣಗಲು ಬಿಡಿ.

ಆದರೆ ನಮ್ಮ ಕಡೆ ಬಹಳ ಮನೆಗಳಲ್ಲಿ ಇರುವುದು ಶಹಾಬಾದ್ ಫರಸಿ. ಅದು ಸುಣ್ಣದ ಕಲ್ಲು. ವಿನೆಗರ್, ಲಿಂಬೆಹುಳಿ, ಆ್ಯಸಿಡ್ ಯಾವುದು ಬಿದ್ದರೂ ಹೊಳಪು ಹೋಗಿ ಕಲೆಯಾಗುತ್ತದೆ, ಮಾರ್ಬಲ್ ಕೂಡ ಹಾಗೇ. ಅದಕ್ಕೆ ಅಡುಗೆ ಸೋಡಾವನ್ನು ಒದ್ದೆ ಜಾಗದ ಮೇಲೆ ಉದುರಿಸಿ ಒಣಗಿದ ಮೇಲೆ ಗುಡಿಸಿ. ಫರಸಿಯ ಸಂದುಗಳಲ್ಲಿ ಉಚ್ಚೆ ಇಳಿಯುತ್ತದೆ, ಅಲ್ಲಿಗೆ ಹಳೇ ಹಲ್ಲುಜ್ಜುವ ಬ್ರಷ್ ಬೇಕು. ಪದೇ ಪದೇ ಒಂದೇ ಜಾಗಕ್ಕೆ ಹೋಗುತ್ತಿದ್ದರೆ ಎನ್‌ಜೈಮ್ ಇರುವ ಕ್ಲೀನರ್ ತರಿಸಿ, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ, ಅದು ವಾಸನೆಯ ಮೂಲವನ್ನೇ ಒಡೆಯುತ್ತದೆ. ಕೌದಿಯನ್ನು ತಣ್ಣೀರಲ್ಲಿ ಸೋಡಾ ಹಾಕಿ ನೆನೆಸಿ ಆಮೇಲೆ ಒಗೆದು, ಬಿಸಿಲಿಗೆ ಹಾಕಿ. ಅತ್ತೆಯ ಕೌದಿ ಎರಡು ಬಿಸಿಲಿಗೆ ಸರಿಹೋಯಿತು.

ಊಟ ಮತ್ತು ನೀರು

ತಟ್ಟೆಯಲ್ಲಿ ದಿನವಿಡೀ ಊಟ ಇಟ್ಟರೆ ಕಕ್ಕಕ್ಕೂ ಹೊತ್ತು ಗೊತ್ತು ಇರುವುದಿಲ್ಲ. ಮೂರು ನಾಲ್ಕು ತಿಂಗಳವರೆಗೆ ದಿನಕ್ಕೆ ಮೂರು ನಾಲ್ಕು ಸಲ, ಅದೇ ಹೊತ್ತಿಗೆ. ಕಾಲು ಗಂಟೆಯಲ್ಲಿ ಉಳಿದದ್ದು ಎತ್ತಿಡಿ. ಮರಿ ಅಂದರೆ ಹಾಲು ಅಂತ ಬಟ್ಟಲು ತುಂಬ ಎಮ್ಮೆ ಹಾಲು ಇಡುವುದು ನಮ್ಮ ರೂಢಿ. ತಾಯಿ ಬಿಟ್ಟ ಮರಿಗಳಲ್ಲಿ ಬಹಳಕ್ಕೆ ಅದು ದಕ್ಕುವುದಿಲ್ಲ, ತೆಳ್ಳಗೆ ಆಗುತ್ತದೆ. ಭೇದಿ ಆಗುತ್ತಿರುವ ಮರಿಗೆ ಜಾಗ ಕಲಿಸಲು ಸಾಧ್ಯವೇ ಇಲ್ಲ. ಹೋಳಿಗೆ, ಖಾರದ ಪಲ್ಯ, ಉಳ್ಳಾಗಡ್ಡಿ ಹಾಕಿದ ಯಾವ ಅಡುಗೆಯೂ ಬೇಡ.

ವಿಜಯಪುರದ ಕಡೆಯವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಮೂತ್ರಪಿಂಡ ಕೆಡಿಸುತ್ತದೆ, ಕೆಲವು ನಾಯಿಗಳಿಗೆ ಬಹಳ ಸ್ವಲ್ಪವೇ ಸಾಕಾಗುತ್ತದೆ. ತಿಕೋಟಾ ಕಡೆ ತೋಟದ ಮನೆಗಳಲ್ಲಿ ಒಣದ್ರಾಕ್ಷಿ ಶೆಡ್ಡಿನ ಸುತ್ತ ಮರಿಗಳು ಓಡಾಡಿಕೊಂಡಿರುತ್ತವೆ. ಕೆಳಗೆ ಉದುರಿದ್ದನ್ನು ತಿನ್ನದಂತೆ ಬೇಲಿ ಮಾಡಿ. ಶಾಬ್ಬಾಸ್ ಅಂದು ಒಂದು ಮನುಕ ಕೊಡುವವರಿದ್ದರೆ ಇವತ್ತೇ ನಿಲ್ಲಿಸಿ.

ಉಚ್ಚೆ ಕಡಿಮೆಯಾಗಲಿ ಅಂತ ನೀರು ಕಡಿಮೆ ಮಾಡಬೇಡಿ. ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಹಗಲೆಲ್ಲ ಬಟ್ಟಲಲ್ಲಿ ತಣ್ಣನೆ ನೀರು ಇರಲೇಬೇಕು. ರಾತ್ರಿ ಮಲಗುವ ಒಂದು ಗಂಟೆ ಮೊದಲು ಬಟ್ಟಲು ಸರಿಸಿದರೆ ಸಾಕು, ಅದೂ ಸೆಕೆ ಇಲ್ಲದ ದಿನ. ಮಧ್ಯಾಹ್ನ ಹೊರಗೆ ಒಯ್ಯುವ ಮೊದಲು ಅಂಗೈ ಹಿಂಭಾಗ ನೆಲಕ್ಕಿಟ್ಟು ನೋಡಿ. ಐದು ಸೆಕೆಂಡ್ ಇಡಲಾಗದಿದ್ದರೆ ಮರಿಯ ಕಾಲೂ ಸುಡುತ್ತದೆ. ಬಿಸಿಲಿಗೆ ಹೆದರಿ ಒಳಗೇ ಮಾಡುವುದನ್ನು ಕಲಿತ ಮರಿಗಳಿವೆ. ಅದಕ್ಕೇ ನೆರಳಿನ ಜಾಗ ಆರಿಸಿ.

ಬೆಳಗಾವಿಯ ಮಳೆ, ಮೇಲಿನ ಮಹಡಿಯ ಮನೆ

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನ ಗೆಳತಿ ಮೂರನೇ ಮಹಡಿಯಲ್ಲಿದ್ದಾಳೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ, ಅವಳ ಮರಿ ಹನಿ ಬಿದ್ದರೆ ಮೆಟ್ಟಿಲೇ ಇಳಿಯುತ್ತಿರಲಿಲ್ಲ. ಅಂಥವರು ಬಾಲ್ಕನಿಯಲ್ಲಿ ಅಗಲ ತಟ್ಟೆಯಲ್ಲಿ ಮಣ್ಣೋ ಹುಲ್ಲುಹಾಸಿನ ತುಂಡೋ ಇಟ್ಟು ಅದನ್ನೇ ಜಾಗ ಮಾಡಬಹುದು. ಉಳಿದ ನಿಯಮವೆಲ್ಲ ಅದೇ. ಎರಡು ದಿನಕ್ಕೊಮ್ಮೆ ಮಣ್ಣು ಬದಲಿಸಿ. ಹಳೇ ಪೇಪರ್ ಹಾಸುವುದು ಸುಲಭ, ಆದರೆ ನನ್ನ ಕೇಳಿದರೆ ಬೇಡ. ಪೇಪರ್ ಕಂಡಲ್ಲೆಲ್ಲ ಹೊಯ್ಯಬಹುದು ಅಂತ ಕಲಿಯುತ್ತದೆ, ಅಪ್ಪ ಓದಿ ನೆಲಕ್ಕಿಟ್ಟ ಪೇಪರೂ ಅದಕ್ಕೆ ಒಂದೇ. ಲಸಿಕೆಗಳು ಮುಗಿದ ಮೇಲೆ ತಟ್ಟೆಯ ಸ್ವಲ್ಪ ಮಣ್ಣನ್ನು ಕೆಳಗಿನ ಜಾಗಕ್ಕೆ ಒಯ್ದು ಹಾಕಿ, ತನ್ನ ವಾಸನೆ ಸಿಕ್ಕರೆ ಅಲ್ಲೂ ಕೂರುತ್ತದೆ. ಮಳೆಯಲ್ಲಿ ನೀವು ಕೊಡೆ ಹಿಡಿದು ಅದರ ಜೊತೆ ನಿಲ್ಲಿ. ಒಂದನ್ನೇ ಬಾಗಿಲಾಚೆ ದೂಡಿ ಬಾಗಿಲು ಹಾಕಿದರೆ ಅದು ಬಾಗಿಲಿಗೆ ಅಂಟಿಕೊಂಡು ನಿಲ್ಲುತ್ತದೆ, ಅಷ್ಟೇ. ಲಸಿಕೆ ಮುಗಿದು ಬೀದಿಗೆ ಒಯ್ಯುವಾಗ ಪೇಪರ್ ತುಂಡು ಒಯ್ದು ಕಕ್ಕ ಎತ್ತಿ ಹಾಕಿ. ಇನ್ನೊಬ್ಬರ ಮನೆ ಮುಂದಿನ ರಂಗೋಲಿ ಮೇಲೆ ಬಿಟ್ಟು ಬರಬಾರದು.

ದವಾಖಾನೆಗೆ ಯಾವಾಗ

ಸರಿಯಾಗಿ ಕಲಿತಿದ್ದ ಮರಿ ದಿಢೀರನೆ ಮನೆಯೆಲ್ಲ ಹೊಯ್ಯಲು ಶುರು ಮಾಡಿದರೆ ಹಟ ಅಂದುಕೊಳ್ಳಬೇಡಿ. ಹತ್ತು ನಿಮಿಷಕ್ಕೊಮ್ಮೆ ಕೂತು ಹನಿ ಹನಿ ಹೊಯ್ಯುವುದು, ಹೊಯ್ಯುವಾಗ ಕುಂಯ್‌ಗುಡುವುದು, ಉಚ್ಚೆ ಕೆಂಪಾಗಿರುವುದು ಇದ್ದರೆ ಮೂತ್ರನಾಳದ ಸೋಂಕಿರಬಹುದು. ದನದ ದವಾಖಾನೆಗೆ ಒಯ್ಯಿರಿ, ನಾಯಿಯನ್ನೂ ನೋಡುತ್ತಾರೆ. ವಾಂತಿ, ರಕ್ತದ ಭೇದಿ, ಊಟ ಬಿಟ್ಟು ಮೂಲೆ ಸೇರುವುದು, ಇವುಗಳಲ್ಲಿ ಯಾವುದು ಕಂಡರೂ ಪಾರ್ವೊ ಇರಬಹುದು. ನಾಳೆ ನೋಡೋಣ ಅನ್ನುವ ಹಾಗಿಲ್ಲ, ಅದೇ ಗಂಟೆಯಲ್ಲಿ ಹೊರಡಿ. ಜಂತಿನ ಔಷಧಿಯನ್ನು ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ ಡಾಕ್ಟರ್ ಹೇಳಿದಷ್ಟು ಕೊಡಿ.

ನಿಮ್ಮನ್ನು ಕಂಡ ಕೂಡಲೇ ನೆಲಕ್ಕೆ ಅಂಟಿ ಉಚ್ಚೆ ಬಿಡುವ ಮರಿಗಳೂ ಇವೆ. ಅದು ಜಾಗ ಗೊತ್ತಿಲ್ಲದ್ದಲ್ಲ, ಅತಿ ಖುಷಿ ಅಥವಾ ಅತಿ ಅಂಜಿಕೆ. ಬಯ್ದರೆ ಹೆಚ್ಚಾಗುತ್ತದೆ. ಒಳಗೆ ಬಂದಾಗ ಎರಡು ನಿಮಿಷ ಅದರ ಕಡೆ ನೋಡದೆ ಚಪ್ಪಲಿ ಬಿಡಿ, ಕೈಕಾಲು ತೊಳೆಯಿರಿ, ಆಮೇಲೆ ಕೆಳಗೆ ಕೂತು ಗದ್ದದ ಅಡಿ ಮುಟ್ಟಿ ಮಾತಾಡಿಸಿ. ತಲೆ ಮೇಲಿಂದ ಕೈ ತರಬೇಡಿ. ಗಂಡು ಮರಿ ಆರು ತಿಂಗಳು ದಾಟಿದ ಮೇಲೆ ಕಾಲೆತ್ತಿ ಬಾಗಿಲಿಗೆ, ಗಾಡಿ ಚಕ್ರಕ್ಕೆ ಹೊಯ್ಯುವುದು ಗುರುತು ಹಾಕುವ ಅಭ್ಯಾಸ, ಅದಕ್ಕೆ ಸಂತಾನಹರಣ ಚಿಕಿತ್ಸೆಯ ಬಗ್ಗೆ ಡಾಕ್ಟರ್ ಜೊತೆ ಮಾತಾಡಿ.

ಕೇಳಿಕೊಳ್ಳಲು ಒಂದು ಗೆಜ್ಜೆ

ಮರಿ ಜಾಗ ಕಲಿತ ಮೇಲೂ ಒಂದು ತೊಂದರೆ ಉಳಿಯುತ್ತದೆ. ಬಾಗಿಲು ಹಾಕಿರುತ್ತದೆ, ಅದಕ್ಕೆ ಹೋಗಬೇಕಾಗಿರುತ್ತದೆ, ಹೇಳಲು ಬಾಯಿಲ್ಲ. ನಮ್ಮ ಮುಧೋಳದವಳು ಬೊಗಳುವುದೂ ಕಡಿಮೆ. ಕಾರಹುಣ್ಣಿಮೆಗೆ ಎತ್ತಿಗೆ ಕಟ್ಟಿದ ಗೆಜ್ಜೆ ಸರದಲ್ಲಿ ನಾಲ್ಕು ಗೆಜ್ಜೆ ಬಿಚ್ಚಿ, ದಾರಕ್ಕೆ ಪೋಣಿಸಿ ಹಿತ್ತಲ ಬಾಗಿಲಿಗೆ ಅದರ ಮೂಗಿನ ಎತ್ತರಕ್ಕೆ ಇಳಿಬಿಟ್ಟೆ. ನುಂಗದ ಹಾಗೆ ಗಟ್ಟಿ ಗಂಟು ಹಾಕಬೇಕು. ಪ್ರತಿ ಸಲ ಹೊರಗೆ ಒಯ್ಯುವ ಮೊದಲು ಅದರ ಮೂಗನ್ನೋ ಪಂಜವನ್ನೋ ಮೆಲ್ಲಗೆ ಗೆಜ್ಜೆಗೆ ತಾಗಿಸಿ, ಸದ್ದು ಬಂದ ಕೂಡಲೇ ಬಾಗಿಲು ತೆರೆದು ನೇರ ಜಾಗಕ್ಕೆ ಒಯ್ಯುವುದು. ಸದ್ದು ಬಂದಾಗೆಲ್ಲ ತೆರೆಯಬೇಕು, ಒಂದು ಸಲವೂ ತಪ್ಪಿಸಬಾರದು. ಆಟಕ್ಕೆ ಕರೆಯಲು ಬಾರಿಸುತ್ತಿದೆ ಅನ್ನಿಸಿದರೆ ಹಗ್ಗ ಹಾಕಿ ಜಾಗದಲ್ಲಿ ಐದು ನಿಮಿಷ ನಿಂತು, ಏನೂ ಆಗದಿದ್ದರೆ ವಾಪಸ್ ಕರೆದುಕೊಂಡು ಬನ್ನಿ.

ಮೂರೂವರೆ ತಿಂಗಳಿದ್ದಾಗ ಒಂದು ಮಧ್ಯಾಹ್ನ ನಾನು ಮಾಳಿಗೆ ಮೇಲೆ ಹಪ್ಪಳ ಒಣಗಿಸುತ್ತಿದ್ದೆ. ಕೆಳಗೆ ಗೆಜ್ಜೆ ಸದ್ದು ಕೇಳಿಸಿತು. ಇಳಿದು ಬರುವಷ್ಟರಲ್ಲಿ ಅತ್ತೆ ಬಾಗಿಲು ತೆಗೆದಿದ್ದರು. ಚೆನ್ನಿ ಬೇವಿನ ಗಿಡದ ಬುಡದಲ್ಲಿ ಕೂತಿದ್ದಳು, ಅತ್ತೆ ಸೆರಗಿನ ಗಂಟು ಬಿಚ್ಚಿ ರೊಟ್ಟಿ ಚೂರು ಹುಡುಕುತ್ತಿದ್ದರು.